ಅಡಿಕೆ ಗೋದಾಮಿನ ಗೋಡೆಯಲ್ಲಿ ಎರಡು ಕಿಂಡಿ: ಇದು ಟಾಕೀಸ್ ಆಗಿತ್ತಾ?

ಕಾನುಮನೆ:
ಎಲ್ಲರಿಗೂ ನಮಸ್ಕಾರ. ಸಾಗರ ಸೀಮೆಯ ಒಂದು ಹೋಬಳಿ ಊರು ನಮ್ಮದು. ಗೋದಾಮಿನ ಯಜಮಾನರು ಸಂಕೋಚದವರು, ಹಾಗಾಗಿ ಊರ ಹೆಸರು ಬೇಡ.

ಹೋದ ವಾರ ಚಾಲಿ ಅಡಿಕೆ ಚೀಲ ಇಳಿಸಲು ಅಲ್ಲಿಗೆ ಹೋಗಿದ್ದೆ. ಹಿಂದೆ ಎಷ್ಟೋ ಸಲ ಹೋಗಿದ್ದೇನೆ, ಆದರೆ ತಲೆ ಎತ್ತಿ ನೋಡಿರಲಿಲ್ಲ. ಈ ಸಲ ಹಮಾಲಿ ಹುಡುಗ ಹೊಸ ಎಲ್‌ಇಡಿ ದೀಪ ಹಾಕಿದ. ಬಾಗಿಲಿನ ಕಡೆಯ ಗೋಡೆಯಲ್ಲಿ, ಎರಡಾಳು ಎತ್ತರದಲ್ಲಿ, ಅಕ್ಕಪಕ್ಕ ಎರಡು ಚೌಕ ಕಿಂಡಿ ಕಂಡವು. ಒಂದು ಸ್ವಲ್ಪ ದೊಡ್ಡದು, ಇನ್ನೊಂದು ಚಿಕ್ಕದು. ಗಾಳಿಗೆ ಇಟ್ಟ ಕಿಂಡಿಯಾದರೆ ಅಲ್ಲೇ ಯಾಕೆ, ಎರಡೇ ಯಾಕೆ? ಇನ್ನೊಂದು ವಿಷಯ, ಚೀಲದ ಅಟ್ಟಿಗಳ ಕೆಳಗೆ ಒಂದು ಕಡೆ ಮಾತ್ರ ದಪ್ಪ ಹಲಗೆ ಕೊಟ್ಟಿದ್ದಾರೆ. ಕೇಳಿದರೆ 'ನೆಲ ಇಳಿಜಾರು ಇದೆ ಅಣ್ಣ, ಹಲಗೆ ಕೊಡದಿದ್ರೆ ಅಟ್ಟಿ ವಾಲುತ್ತೆ' ಅಂದ.

ಯಜಮಾನರ ತಂದೆ ಇದನ್ನು ಕೊಂಡಿದ್ದು ಎಂಬತ್ತರ ದಶಕದಲ್ಲಂತೆ. ಅದಕ್ಕೂ ಮುಂಚೆ 'ಏನೋ ಹಾಲ್ ಇತ್ತು' ಅನ್ನುತ್ತಾರೆ. ಇದು ಟಾಕೀಸ್ ಆಗಿತ್ತಾ? ಆಗಿದ್ದರೆ ಪತ್ತೆ ಮಾಡುವುದು ಹೇಗೆ?

ಹಳೇ ಆಪರೇಟರ್:
ಆಗಿತ್ತಾ ಅಂತ ಕೇಳೋದೇನು ಬಂತು ಮಾರಾಯ್ರೆ, ನೂರಕ್ಕೆ ನೂರು ಟಾಕೀಸೇ.

ಒಂದು ಮಷೀನಿಗೆ, ಅಂದ್ರೆ ಪ್ರೊಜೆಕ್ಟರಿಗೆ, ಎರಡು ಕಿಂಡಿ ಬೇಕು. ಒಂದರಲ್ಲಿ ಬೆಳಕು ಹೋಗುತ್ತೆ, ಇನ್ನೊಂದರಲ್ಲಿ ಆಪರೇಟರ್ ತೆರೆ ನೋಡ್ತಾನೆ. ಪೇಟೆಯ ಟಾಕೀಸಿನಲ್ಲಿ ಎರಡು ಮಷೀನು, ಅಂದ್ರೆ ಕಡಿಮೆ ಅಂದ್ರೂ ನಾಲ್ಕು ಕಿಂಡಿ. ನಿಮ್ಮಲ್ಲಿ ಎರಡೇ ಇವೆ ಅಂದ್ರೆ ಒಂದೇ ಮಷೀನಲ್ಲಿ ಓಡಿಸ್ತಿದ್ರು.

ಒಂದೇ ಮಷೀನು ಅಂದ್ರೆ ಏನರ್ಥ ಗೊತ್ತಾ? 35 ಎಂಎಂ ಫಿಲಂ ನಿಮಿಷಕ್ಕೆ 90 ಅಡಿ ಓಡುತ್ತೆ. ಎರಡೂವರೆ ಗಂಟೆ ಪಿಕ್ಚರ್ ಅಂದ್ರೆ ಹದಿಮೂರೂವರೆ ಸಾವಿರ ಅಡಿ. 2000 ಅಡಿ ಸ್ಪೂಲಿಗೆ ಸುತ್ತಿಕೊಂಡರೂ ಇಪ್ಪತ್ತೆರಡು ನಿಮಿಷಕ್ಕೊಮ್ಮೆ ಖಾಲಿ. ಎರಡು ಮಷೀನಿದ್ದರೆ ತೆರೆಯ ಬಲಮೂಲೆಯಲ್ಲಿ ಚುಕ್ಕಿ ಬರುತ್ತೆ. ಮೊದಲ ಚುಕ್ಕಿಗೆ ಪಕ್ಕದ ಮಷೀನಿನ ಮೋಟರ್ ಬಿಡಬೇಕು, ಏಳೆಂಟು ಸೆಕೆಂಡಿಗೆ ಎರಡನೇ ಚುಕ್ಕಿ, ಆಗ ಬದಲಾಯಿಸಬೇಕು. ಜನಕ್ಕೆ ಗೊತ್ತೇ ಆಗಬಾರದು. ಒಂದೇ ಮಷೀನಿದ್ದರೆ ಆಟ ನಿಲ್ಲಿಸಿ ಲೈಟ್ ಹಾಕಿ ಸ್ಪೂಲ್ ಬದಲಾಯಿಸೋದೇ ಗತಿ.

ಊರಲ್ಲಿ ಎಪ್ಪತ್ತು ದಾಟಿದವರನ್ನು ಕೇಳಿ. 'ಪಿಕ್ಚರ್ ಮಧ್ಯೆ ಎಷ್ಟು ಸಲ ಲೈಟ್ ಹಾಕ್ತಿದ್ರು' ಅಂತ ಮಾತ್ರ ಕೇಳಿ. ಟಾಕೀಸ್ ಇತ್ತಾ ಅಂತ ಕೇಳಬೇಡಿ, ಕೇಳಿದ್ರೆ ಎಲ್ಲರೂ ಹೌದು ಅಂತಾರೆ.

ಭದ್ರಾವತಿ ಗುರು:
ಗುರುವೇ ಸೂಪರ್. ಈ ಕೊನೆ ಸಾಲು ಪೊಲೀಸ್ ಸ್ಟೇಷನ್‌ನಲ್ಲಿ ಬರೆದು ಹಾಕಬೇಕು 😄

ದಫ್ತರ:
ಕಾಗದದ ದಾರಿ ನಾನು ಹೇಳುತ್ತೇನೆ. ಕಂದಾಯ ಇಲಾಖೆಯಲ್ಲಿ ಮೂವತ್ತು ವರ್ಷ ಧೂಳು ಕುಡಿದವನು.

ಮೊದಲನೆಯದು ಲೈಸೆನ್ಸ್. ಸಿನಿಮಾ ನಿಯಂತ್ರಣ ಕಾಯ್ದೆ 1964ರದು, ಲೈಸೆನ್ಸ್ ಕೊಡುವ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟರದು, ಅಂದರೆ ಜಿಲ್ಲಾಧಿಕಾರಿಗಳದು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂದದ್ದು 1973ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಕಡತದ ಮೇಲೆ 'ಮೈಸೂರು' ಎಂದೇ ಇರುತ್ತದೆ. ಹುಡುಕುವವರು ಇಲ್ಲಿ ಎಡವುತ್ತಾರೆ. ಟಾಕೀಸುಗಳಲ್ಲಿ ಪರ್ಮನೆಂಟ್, ಸೆಮಿ ಪರ್ಮನೆಂಟ್, ಟೂರಿಂಗ್ ಎಂದು ಬೇರೆ ಬೇರೆ ಬಗೆ ಇದ್ದವು. ಒಂದೇ ಮಷೀನಿನ ಹೋಬಳಿ ಟಾಕೀಸು ಎಂದರೆ ನನ್ನ ಅಂದಾಜು ಸೆಮಿ ಪರ್ಮನೆಂಟ್.

ಎರಡನೆಯದು ಸಬ್ ರಿಜಿಸ್ಟ್ರಾರ್ ಕಚೇರಿ. ಯಜಮಾನರ ಕ್ರಯಪತ್ರ ಇದ್ದೇ ಇರುತ್ತದೆ. ಅದರ ಚೆಕ್‌ಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರ, ಓದಿ. ಅದಕ್ಕಿಂತ ಒಳ್ಳೆಯದು ಪಕ್ಕದ ಜಾಗದವರ ಹಳೇ ಪತ್ರ. ನಿಮ್ಮ ಕಟ್ಟಡದ ಪತ್ರದಲ್ಲಿ 'ಕಟ್ಟಡ' ಎಂದಷ್ಟೇ ಇರಬಹುದು, ಆದರೆ ಪಕ್ಕದವರ ಪತ್ರದಲ್ಲಿ 'ಪೂರ್ವಕ್ಕೆ ಇಂಥವರ ಟಾಕೀಸು' ಎಂದು ಬರೆದಿರುತ್ತಾರೆ. ನನ್ನ ಅನುಭವದಲ್ಲಿ ನಿಜವನ್ನು ಹೆಚ್ಚಾಗಿ ಹೇಳುವುದು ಪಕ್ಕದ ಮನೆಯ ಕಾಗದವೇ.

ಮೂರನೆಯದು ಜನಗಣತಿಯ ಜಿಲ್ಲಾ ಕೈಪಿಡಿ. 1971, 1981ರ ಪುಸ್ತಕಗಳ ಪಟ್ಟಣ ವಿಭಾಗದಲ್ಲಿ ಆಸ್ಪತ್ರೆ, ಶಾಲೆ, ಗ್ರಂಥಾಲಯದ ಜೊತೆಗೆ ಸಿನಿಮಾ ಮಂದಿರ ಎಷ್ಟು ಎಂಬ ಅಂಕಣವೂ ಇದೆ. ಆದರೆ ಅದು ಪಟ್ಟಣಗಳಿಗೆ ಮಾತ್ರ, ನಿಮ್ಮ ಹೋಬಳಿ ಊರು ಅದರಲ್ಲಿ ಬರುವುದಿಲ್ಲ. ಬೇರೆಯವರಿಗೆ ಉಪಯೋಗವಾಗಲಿ ಎಂದು ಹೇಳಿದೆ. ಹೊನ್ನಾಳಿ, ಚನ್ನಗಿರಿಯವರು ಕೂಡ ಶಿವಮೊಗ್ಗದ ಪುಸ್ತಕವನ್ನೇ ನೋಡಬೇಕು, ಅವು ದಾವಣಗೆರೆಗೆ ಹೋದದ್ದು 1997ರಲ್ಲಿ.

ಸಾಗರದ ಸೊಸೆ:
ನನ್ನ ತವರು ತೀರ್ಥಹಳ್ಳಿ ಕಡೆ. ನಮ್ಮೂರಿಗೆ ಟಾಕೀಸ್ ಇರಲಿಲ್ಲ, ಟೆಂಟು ಬರುತ್ತಿತ್ತು. ಕೊಯ್ಲು ಮುಗಿದು ಗದ್ದೆ ಒಣಗಿದ ಮೇಲೆ ಬಂದರೆ ಮಳೆಗಾಲದ ಮೊದಲು ಬಿಚ್ಚಿಕೊಂಡು ಹೋಗುತ್ತಿತ್ತು. ನಮ್ಮ ಮಳೆಯಲ್ಲಿ ಟೆಂಟು ನಿಲ್ಲುವುದುಂಟೇ? ಅತ್ತ ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಸುರಿಯುತ್ತೆ.

ಸಂಜೆ ಮೈಕಿನಲ್ಲಿ ದೇವರ ಹಾಡು ಹಾಕುತ್ತಿದ್ದರು. ಅದು ಕೇಳಿದ ಕೂಡಲೇ ದೊಡ್ಡಮ್ಮ ಒಲೆ ಮೇಲಿನ ಅನ್ನ ಇಳಿಸಿ, ಸೆರಗು ಸರಿ ಮಾಡಿಕೊಂಡು ಹೊರಡುತ್ತಿದ್ದಳು. ಇನ್ನೊಂದು ಹಾಡಿದೆ, ಅದು ಬಂದರೆ ಟಿಕೆಟ್ ಕೊಡಲು ಶುರು ಎಂದರ್ಥ. ಗಡಿಯಾರ ಇಲ್ಲದ ಮನೆಗೆ ಅದೇ ಗಡಿಯಾರ. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ, ನಡುವೆ ಗೋಣಿತಾಟಿನ ಪರದೆ. ನೆಲದಲ್ಲಿ ಮರಳು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂತರೆ ಮುಂದಿನವರ ತಲೆ ಅಡ್ಡ ಬರುತ್ತಿರಲಿಲ್ಲ. ಹಿಂದೆ ಕೂತವರು ಬೈಯುತ್ತಿದ್ದರು.

ಬರುವಾಗ ಕತ್ತಲು. ಅಡಿಕೆ ದಬ್ಬೆಯ ಸೂಡಿ ಹಿಡಿದು ಗುಂಪಾಗಿ ನಡೆಯುವುದು. ಪಿಕ್ಚರ್ ಮರೆತಿದ್ದೇನೆ, ಆ ನಡಿಗೆ ನೆನಪಿದೆ.

ಹಳೇ ಆಪರೇಟರ್:
ತಂಗೀ, ಚೆನ್ನಾಗಿ ಹೇಳಿದೆ. ಮಳೆ ವಿಷಯ ಬಂತಲ್ಲ, ಒಂದು ಸೇರಿಸ್ತೀನಿ. ಮಲೆನಾಡಿನ ಟಾಕೀಸಿಗೆ ತಗಡಿನ ಶೀಟ್ ಹಾಕಿದವನು ಆಷಾಢದಲ್ಲಿ ಅಳ್ತಾನೆ. ಮೇಲೆ ಮಳೆ ಹೊಡೆದ್ರೆ ಒಳಗೆ ಡೈಲಾಗ್ ಕೇಳಲ್ಲ. ನಾನು ಕೆಲಸ ಮಾಡಿದ ಕಡೆ ಜುಲೈ ತಿಂಗಳು ಫೈಟಿಂಗ್ ಪಿಕ್ಚರೇ ತರಿಸ್ತಿದ್ರು, ಮಾತು ಕಡಿಮೆ ಇರುತ್ತೆ ಅಂತ! ಕಣ್ಣೀರಿನ ಪಿಕ್ಚರ್ ಎಲ್ಲ ದೀಪಾವಳಿ ಮೇಲೆ.

ಇನ್ನೊಂದು ಕಾಟ ಬೂಷ್ಟು. ಲೆನ್ಸಿಗೆ ಬೂಷ್ಟು, ಪರದೆಗೆ ಬೂಷ್ಟು. ಕ್ಯಾಬಿನ್ನಿನಲ್ಲಿ, ಅಂದ್ರೆ ಮಷೀನಿನ ಕೋಣೆಯಲ್ಲಿ, ಯಾವಾಗಲೂ ಒಂದು ಬಲ್ಬ್ ಉರೀತಾ ಇರಬೇಕು, ಲೆನ್ಸ್ ಪೆಟ್ಟಿಗೆ ಅದರ ಹತ್ತಿರ.

ಕೊಪ್ಪದ ಕಂಡಕ್ಟರ್:
ರೀಲಿನ ಡಬ್ಬ ಸಾಗಿಸಿದವನು ನಾನು, ನನ್ನನ್ನೂ ಸೇರಿಸ್ಕೊಳಿ. ತಗಡಿನ ಪೆಟ್ಟಿಗೆ, ಒಬ್ಬನಿಗೆ ಎತ್ತಕ್ಕಾಗಲ್ಲ. ಶುಕ್ರವಾರ ಹೊಸ ಪಿಕ್ಚರ್ ಅಂದ್ರೆ ಗುರುವಾರ ರಾತ್ರಿ ಬಸ್ಸಿನಲ್ಲಿ ಬರಬೇಕು. ಘಾಟಿಯಲ್ಲಿ ಮರ ಬಿದ್ದು ಬಸ್ ನಿಂತ್ರೆ ಆ ಊರಲ್ಲಿ ಶುಕ್ರವಾರದ ಮ್ಯಾಟ್ನಿ ಇಲ್ಲ. ಜನ ಸ್ಟ್ಯಾಂಡಿನಲ್ಲಿ ಕಾಯೋರು. ಬಸ್ ಬಂದ ಕೂಡಲೇ 'ಡಬ್ಬ ಬಂತು' ಅಂತ ಕೂಗು. ಮಂತ್ರಿ ಬಂದ್ರೂ ಅಷ್ಟು ಜನ ಸೇರ್ತಿರ್ಲಿಲ್ಲ.

ಒಂದೇ ಪ್ರಿಂಟು ಎರಡು ಟಾಕೀಸಿಗೆ ಅನ್ನೋದೂ ಇತ್ತು. ಅಲ್ಲಿ ಒಂದು ಗಂಟೆ ಮೊದಲು ಆಟ ಶುರು, ಮುಗಿದ ರೀಲು ಹುಡುಗ ಸೈಕಲ್ ಮೇಲೆ ಇಲ್ಲಿಗೆ ತರ್ತಾನೆ. ಟಯರ್ ಪಂಚರ್ ಆದ್ರೆ ಇಲ್ಲಿ ಸೀಟಿ ಶುರು.

ಕಾನುಮನೆ:
ಅಪ್‌ಡೇಟ್.

ನಮ್ಮ ಅತ್ತೆಯನ್ನು ಕೇಳಿದೆ, ಎಂಬತ್ತೊಂದು ವರ್ಷ. ಆಪರೇಟರ್ ಹೇಳಿದ ಹಾಗೇ ಕೇಳಿದೆ: 'ಲೈಟ್ ಎಷ್ಟು ಸಲ ಹಾಕ್ತಿದ್ರು?' ಸ್ವಲ್ಪ ಹೊತ್ತು ಸುಮ್ಮನಿದ್ದು, 'ಆರೋ ಏಳೋ ಸಲ. ಲೈಟ್ ಹತ್ತಿದಾಗೆಲ್ಲ ನಿನ್ನ ಮಾವ ಹಿಂದೆ ತಿರುಗಿ ನಾನು ಎಲ್ಲಿ ಕೂತಿದೀನಿ ಅಂತ ನೋಡೋರು. ಆಗಿನ್ನೂ ಮದುವೆ ಆಗಿರಲಿಲ್ಲ' ಅಂದರು! ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ ಇದು.

ಮಾವ ತೀರಿಕೊಂಡು ಹನ್ನೆರಡು ವರ್ಷ ಆಯಿತು. ಅತ್ತೆಯ ಮದುವೆ 1966ರಲ್ಲಿ. ಅಂದರೆ ಅದಕ್ಕೂ ಮೊದಲೇ ಟಾಕೀಸು ಇತ್ತು.

ಹಳೇ ಆಪರೇಟರ್:
ಆರು ಸಲ ಸರಿಯಾಯ್ತು. ಹದಿಮೂರೂವರೆ ಸಾವಿರ ಅಡಿಗೆ ಏಳು ಸ್ಪೂಲು, ನಡುವೆ ಆರು ನಿಲುಗಡೆ. ನಿಮ್ಮ ಅತ್ತೆಗೆ ನಮಸ್ಕಾರ ಹೇಳಿ. ಎರಡನೇ ಮಷೀನು ಇಲ್ಲದ್ದಕ್ಕೆ ಒಂದು ಸಂಸಾರ ಆಯ್ತು 🙏

ದಫ್ತರ:
1966ಕ್ಕೂ ಮೊದಲು ಎಂದರೆ ಹಳೇ ಕಾಯ್ದೆಯ ಕಾಲದಲ್ಲೇ ಶುರುವಾಗಿರಲೂಬಹುದು. ಆ ಸೀಮೆಯಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ಕೆಲಸ ನಡೆಯುತ್ತಿದ್ದ ಕಾಲವದು, 1964ರಲ್ಲಿ ಮುಗಿಯಿತು. ಕೂಲಿ ಕೈಗೆ ಬಂದ ಜನ ಸೇರಿದ ಕಡೆ ಟಾಕೀಸು ಏಳುವುದು ಸಹಜ. ನಿಮ್ಮ ಊರು ಆ ದಾರಿಯಲ್ಲಿದೆಯೇ?

ಕಾನುಮನೆ:
ಇದೆ ಸರ್. ದಾರಿಯಲ್ಲೇ ಇದೆ. ಈ ಕೋನದಲ್ಲಿ ಯೋಚಿಸಿಯೇ ಇರಲಿಲ್ಲ. ನಮ್ಮೂರಲ್ಲಿ ಆ ಕಾಲದ ಮಾತು ಅಂದರೆ ಬರೀ ಮುಳುಗಡೆ. ಮನೆ, ತೋಟ ಬಿಟ್ಟು ಬಂದವರ ಕಥೆಗಳೇ. ಅದೇ ವರ್ಷಗಳಲ್ಲಿ ಇಲ್ಲಿ ಪಿಕ್ಚರ್ ಓಡುತ್ತಿತ್ತು, ಜನ ದುಡ್ಡು ಕೊಟ್ಟು ನಗುತ್ತಿದ್ದರು ಎನ್ನುವುದನ್ನು ಯಾರೂ ಹೇಳುವುದಿಲ್ಲ. ಹೇಳಲು ಮುಜುಗರವೋ ಏನೋ.

ಭದ್ರಾವತಿ ಗುರು:
ನಮ್ಮ ಕಡೆ ಬೇರೆ ಲೆಕ್ಕ. ಕಬ್ಬಿಣದ ಕಾರ್ಖಾನೆ, ಪೇಪರ್ ಮಿಲ್ಲು. ಶಿಫ್ಟ್ ಮುಗಿಸಿ ಬರೋರಿಗೆ ಸೆಕೆಂಡ್ ಶೋ, ರಾತ್ರಿ ಪಾಳಿಯವರಿಗೆ ಮ್ಯಾಟ್ನಿ. ಸಂಬಳದ ವಾರ ಗಾಂಧಿ ಕ್ಲಾಸ್ ಖಾಲಿ, ಎಲ್ಲಾ ಬಾಲ್ಕನಿ. ತಿಂಗಳ ಕೊನೆಗೆ ಅದೇ ಜನ ಗಾಂಧಿ ಕ್ಲಾಸಲ್ಲಿ. ನಮ್ಮಪ್ಪನೂ ಅಷ್ಟೇ. ಮಿಲ್ ನಿಂತ ಮೇಲೆ ಟಾಕೀಸ್ ಯಾಕೆ ಮುಚ್ಚಿತು ಅಂತ ಕೇಳೋದೇ ದಡ್ಡತನ. ಟಿವಿ ಬಂತು, ಮೊಬೈಲ್ ಬಂತು ಅಂತ ಎಲ್ಲ ಕಡೆ ಒಂದೇ ಕಾರಣ ಹೇಳ್ಬೇಡಿ.

ತುಂಗಾತಟ:
ಕಾರಣದ ಮಾತು ಬಂದದ್ದಕ್ಕೆ ಹೇಳುತ್ತೇನೆ. ಟಿವಿ ಕಾರಣ ಅಲ್ಲ ಎಂದರೆ ಒಪ್ಪುವುದಿಲ್ಲ. ಬೆಂಗಳೂರು ದೂರದರ್ಶನ 1981ರಲ್ಲಿ ಶುರುವಾಯಿತು, ಉದಯ ಟಿವಿ 1994ರಲ್ಲಿ. ಈ ನಡುವೆ ವಿಸಿಆರ್ ಬಾಡಿಗೆಗೆ ತಂದು ಅಂಗಳದಲ್ಲಿ ರಾತ್ರಿಯಿಡೀ ಮೂರು ಪಿಕ್ಚರ್ ಹಾಕಿದ ಕಾಲವೂ ಇತ್ತು. ಕಾನುಮನೆಯವರ ಟಾಕೀಸು ಎಂಬತ್ತರ ದಶಕದಲ್ಲಿ ಗೋದಾಮು ಆಗಿದೆ. ಇದು ಕಾಕತಾಳೀಯವಾ?

ಶಿವಮೊಗ್ಗ ಪೇಟೆಯಲ್ಲಿ ಮಲ್ಲಿಕಾರ್ಜುನ, ಎಚ್‌ಪಿಸಿ, ವೀರಭದ್ರೇಶ್ವರ, ಮಂಜುನಾಥ, ವಿನಾಯಕ ಎನ್ನುವ ಹೆಸರು ಕೇಳಿ ಬೆಳೆದವರು ನಾವು. ಹಳ್ಳಿಯಿಂದ ಪೇಟೆಗೆ ಬಂದವರು ಆಸ್ಪತ್ರೆ, ಜವಳಿ, ಒಂದು ಪಿಕ್ಚರ್, ಮಸಾಲೆ ದೋಸೆ ಮುಗಿಸಿಯೇ ಬಸ್ ಹತ್ತುತ್ತಿದ್ದದ್ದು. ಈಗ ಆ ಜನ ಸಿಟಿ ಸೆಂಟರ್ ಮಾಲಿಗೆ ಹೋಗುತ್ತಾರೆ. ಲಕ್ಷ್ಮಿ ಟಾಕೀಸ್ ಅಂತ ಆಟೋ ಹತ್ತಿದರೆ 'ಯಾವ ಪಿಕ್ಚರ್' ಎಂದು ಯಾವ ಡ್ರೈವರೂ ಕೇಳುವುದಿಲ್ಲ, ಅದು ಸರ್ಕಲ್ಲಿನ ಹೆಸರು.

ಕೊಪ್ಪದ ಕಂಡಕ್ಟರ್:
ತುಂಗಾತಟ ಅವ್ರೇ, ಟಿವಿ ಇರಲಿ. ಕೊನೇ ಬಸ್ಸಿನ ಮಾತಾಡಿ. ಫಸ್ಟ್ ಶೋ ಬಿಡೋದು ಒಂಬತ್ತೂವರೆಗೆ. ಹಳ್ಳಿ ಕಡೆಯ ಕೊನೇ ಬಸ್ಸು ಅದಕ್ಕಾಗಿ ನಿಂತಿರ್ತಿತ್ತು. ನಾವೇ ನಿಲ್ಲಿಸ್ಕೊಳ್ತಿದ್ವಿ, ಕ್ಲೈಮ್ಯಾಕ್ಸ್ ಆಗ್ಲಿ ಅಂತ. ಬೈಕು ಹೆಚ್ಚಾದ ಮೇಲೆ ಬಸ್ಸಿಗೆ ಕಲೆಕ್ಷನ್ ಇಲ್ಲ, ಕೊನೇ ಟ್ರಿಪ್ ನಿಂತ್ಹೋಯ್ತು. ಬೈಕಿರೋ ಹುಡುಗ ಪಿಕ್ಚರಿಗೆ ಬರ್ತಾನೆ. ಅವನ ಅಮ್ಮ, ಅಜ್ಜಿ, ತಂಗಿ? ಅವ್ರು ಬರಕ್ಕಾಗಲ್ಲ. ಸೀಟು ಅರ್ಧ ಖಾಲಿ ಆಗಿದ್ದು ಅಲ್ಲಿ.

ಸಾಗರದ ಸೊಸೆ:
ಇದು ನೂರಕ್ಕೆ ನೂರು ನಿಜ. ನಾನು ಮದುವೆಯಾಗಿ ಬಂದಾಗ ನಮ್ಮ ಕೇರಿಯ ಎಂಟು ಹತ್ತು ಹೆಂಗಸರು ಸೇರಿ ಹೋಗುತ್ತಿದ್ದೆವು. ಬಸ್ ನಿಂತ ಮೇಲೆ 'ಕರೆದುಕೊಂಡು ಹೋಗಿ' ಎಂದು ಗಂಡಸರನ್ನು ಕೇಳಬೇಕಾಯಿತು. ಕೇಳುವುದು ಬೇಡ ಎಂದು ಬಿಟ್ಟೆವು. ಟಿವಿ ನೋಡಲು ಶುರು ಮಾಡಿದ್ದು ಆಮೇಲೆ. ಟಿವಿ ಬಂದದ್ದಕ್ಕೆ ಟಾಕೀಸು ಬಿಟ್ಟದ್ದಲ್ಲ.

ಹಳೇ ಆಪರೇಟರ್:
ನನ್ನ ಮಾತು ಕೇಳಿ. ನಾನು ಕಾರ್ಬನ್ ಕಡ್ಡಿಯ ಕಾಲದಲ್ಲಿ ಕೆಲಸ ಕಲಿತವನು. ಎರಡು ಕಡ್ಡಿ ಎದುರುಬದುರು, ನಡುವೆ ಕಿಡಿ, ಅದೇ ಬೆಳಕು. ಕಡ್ಡಿ ಉರೀತಾ ಸವೀತಾ ಹೋಗುತ್ತೆ, ಅಂತರ ನೋಡಿ ಮುಂದೆ ತಳ್ತಾ ಇರಬೇಕು. ಮರೆತ್ರೆ ತೆರೆ ಹಳದಿ ಆಗುತ್ತೆ, ಕೆಳಗಿಂದ 'ಲೇ ಲೈಟ್ ಬಿಡೋ' ಅಂತ ಬೈಗುಳ. ಆಮೇಲೆ ಕ್ಸೆನಾನ್ ದೀಪ ಬಂತು, ಆ ತಾಪತ್ರಯ ಹೋಯ್ತು. ಉಳಿದ ಕಡ್ಡಿ ತುಂಡು ಬಿಸಾಕಿದ್ರೆ ಮಕ್ಕಳು ಕಾಯ್ತಾ ಇರೋರು, ಗೋಡೆ ಮೇಲೆ ಬರೆಯೋಕೆ.

2013, 14ರ ಹೊತ್ತಿಗೆ ಪ್ರಿಂಟು ಬರೋದೇ ನಿಂತಿತು. ಎಲ್ಲಾ ಸ್ಯಾಟಲೈಟು, ಹಾರ್ಡ್ ಡಿಸ್ಕು. ಒಳ್ಳೇದೂ ಆಯ್ತು, ಸುಳ್ಳು ಹೇಳಬಾರದು. ಮುಂಚೆ ಬೆಂಗಳೂರು, ಮೈಸೂರು, ಶಿವಮೊಗ್ಗದಲ್ಲೆಲ್ಲ ಓಡಿ, ಗೀರು ಬಿದ್ದ ಪ್ರಿಂಟು ನಮಗೆ ಬರ್ತಿತ್ತು. ಡಿಜಿಟಲ್ ಆದ ಮೇಲೆ ಅದೇ ಶುಕ್ರವಾರ ನಮ್ಮಲ್ಲೂ ರಿಲೀಸು. ಆದ್ರೆ ಆಟ ಆಡಲಿ ಬಿಡಲಿ ಮಷೀನಿನ ಬಾಡಿಗೆ. ಮೂರು ವಾರ ಓಡ್ತಿದ್ದ ಪಿಕ್ಚರು ಮೂರು ದಿನಕ್ಕೆ ಮುಗಿಯುತ್ತೆ, ಯಾಕಂದ್ರೆ ಎಲ್ಲ ಕಡೆ ಒಟ್ಟಿಗೇ ಬಿಡ್ತಾರೆ. ನನ್ನ ಕೈಕೆಲಸಕ್ಕೆ ಬೆಲೆ ಇಲ್ಲ, ಬಟನ್ ಒತ್ತಲು ಮ್ಯಾನೇಜರ್ ಸಾಕು.

ಹಳೇ ಮಷೀನು ಗುಜರಿಗೆ ಕೆಜಿ ಲೆಕ್ಕದಲ್ಲಿ ಹೋಯ್ತು. ತಕ್ಕಡಿ ಮೇಲೆ ಇಟ್ಟಾಗ ನಾನು ಹೊರಗೆ ಬೀಡಿ ಸೇದ್ತಾ ನಿಂತಿದ್ದೆ.

ಹೊಸ ತಲೆಮಾರು:
ಸಾರಿ, ಸ್ವಲ್ಪ ಬೇರೆ ಮಾತು. ಇದೆಲ್ಲ ಬರೀ ನಾಸ್ಟಾಲ್ಜಿಯಾ ಅಲ್ವಾ? ಹಳೇ ಟಾಕೀಸಲ್ಲಿ ತಿಗಣೆ, ಮೂತ್ರದ ವಾಸನೆ, ಬ್ಲಾಕ್ ಟಿಕೆಟ್. ಮುಚ್ಚಿದ್ದು ಒಳ್ಳೇದೇ ಆಯ್ತು. ನನ್ನ ಅಮ್ಮನೇ ಹೇಳ್ತಾರೆ ಕತ್ತಲಲ್ಲಿ ಹಿಂದಿನ ಸೀಟಿನವರ ಕಾಟಕ್ಕೆ ಸೇಫ್ಟಿ ಪಿನ್ ಇಟ್ಕೊಂಡು ಹೋಗ್ತಿದ್ರಂತೆ.

ಸಾಗರದ ಸೊಸೆ:
ಪಿನ್ನು ನಿಜ. ನಾನೂ ಇಟ್ಟುಕೊಂಡಿದ್ದೆ, ಒಂದು ಸಲ ಉಪಯೋಗಿಸಿದ್ದೇನೆ ಕೂಡ. ಆದರೂ ಹೋಗುತ್ತಿದ್ದೆವು ಮಗಾ. ಅದನ್ನೂ ಲೆಕ್ಕಕ್ಕೆ ತೆಗೆದುಕೊ.

ತುಂಗಾತಟ:
ಟಾಕೀಸ್ ಬಿಟ್ಟರೆ ಮಲೆನಾಡಿನವರು ಸಿನಿಮಾ ನೋಡಿದ ಇನ್ನೊಂದು ಜಾಗವೂ ಇದೆ. ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂ 1949ರಲ್ಲಿ ಹುಟ್ಟಿತು, ಅದರ ಚಿತ್ರಸಮಾಜ 1973ರಲ್ಲಿ. ಕೆ.ವಿ. ಸುಬ್ಬಣ್ಣನವರ ಹಟಕ್ಕೆ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಿಂದ ಪಿ.ಕೆ. ನಾಯರ್ ಜಗತ್ತಿನ ಸಿನಿಮಾಗಳನ್ನು ಕಳಿಸುತ್ತಿದ್ದರು. ತೋಟದ ಕೆಲಸ ಮುಗಿಸಿ ಬಂದವರು ಜಪಾನಿನ, ಇಟಲಿಯ ಚಿತ್ರ ನೋಡಿ ಚರ್ಚೆ ಮಾಡುತ್ತಿದ್ದರು. ಅದರ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ಬರೆಯಬೇಕಾದದ್ದೇ. ಆದರೆ ಅಲ್ಲಿಂದ ನಾಲ್ಕಾರು ಮೈಲಿಯ ಹೋಬಳಿ ಟಾಕೀಸಿನಲ್ಲಿ ಅದೇ ಜನ ಏನು ನೋಡಿದರು ಎಂದು ಯಾರೂ ಬರೆದಿಟ್ಟಿಲ್ಲ.

ನನ್ನ ಹೊಟ್ಟೆಯುರಿ ಇನ್ನೊಂದಿದೆ. ಅರಸಾಳು ರೈಲು ನಿಲ್ದಾಣದಲ್ಲಿ ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ಧಾರಾವಾಹಿಯ ನೆನಪಿಗೆ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಚೆನ್ನಾಗಿದೆ, ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೆ. ಇಲ್ಲದ ಊರಿಗೆ ಮ್ಯೂಸಿಯಂ ಇದೆ. ಇದ್ದ ಟಾಕೀಸಿನ ಒಂದು ಮಷೀನನ್ನೂ ಉಳಿಸಿಕೊಂಡಿಲ್ಲ.

ದಫ್ತರ:
ಮುಚ್ಚಿದ್ದರ ಬಗ್ಗೆ ಕಾಗದ ಏನು ಹೇಳುತ್ತದೆ ಎಂದು ಒಂದು ಮಾತು. ಜಿಎಸ್‌ಟಿ 2017ರ ಜುಲೈಯಲ್ಲಿ ಬಂದಾಗ ನೂರು ರೂಪಾಯಿವರೆಗಿನ ಟಿಕೆಟ್ಟಿಗೆ ಶೇ. 18. 2019ರಲ್ಲಿ ಶೇ. 12 ಆಯಿತು, 2025ರ ಸೆಪ್ಟೆಂಬರಿನಲ್ಲಿ ಶೇ. 5. ಇಳಿದದ್ದು ಒಳ್ಳೆಯದು. ಆದರೆ ನೂರು ರೂಪಾಯಿಯ ಒಳಗೆ ಟಿಕೆಟ್ ಕೊಡುತ್ತಿದ್ದ ಎಷ್ಟೋ ಟಾಕೀಸುಗಳು ಅಷ್ಟರಲ್ಲಿ ಬಾಗಿಲು ಹಾಕಿದ್ದವು. 2020ರ ಮಾರ್ಚಿನಲ್ಲಿ ಕೊರೊನಾಕ್ಕೆ ಮುಚ್ಚಿದವುಗಳಲ್ಲಿ ಮತ್ತೆ ತೆರೆಯದೇ ಉಳಿದವೂ ಇವೆ.

ಟಾಕೀಸಿನ ಜಾಗಕ್ಕೆ ಒಂದು ಗುಣವಿದೆ: ಪೇಟೆಯ ನಡುವೆ, ರಸ್ತೆಗೆ ಮುಖ, ಒಳಗೆ ಕಂಬವಿಲ್ಲದ ದೊಡ್ಡ ಹಾಲ್. ಹಾಗಾಗಿ ಪೇಟೆಯಲ್ಲಿ ಕಾಂಪ್ಲೆಕ್ಸ್, ಸಣ್ಣ ಊರಲ್ಲಿ ಕಲ್ಯಾಣ ಮಂಟಪ, ನಮ್ಮ ಕಡೆ ಅಡಿಕೆ ಗೋದಾಮು. ಕಾಂಪ್ಲೆಕ್ಸ್ ಆದರೆ ಕೆಡವುತ್ತಾರೆ. ಗೋದಾಮು ಆದರೆ ಹಾಗೇ ಉಳಿಯುತ್ತದೆ, ಚೀಲಕ್ಕೆ ಗೋಡೆ ಬಣ್ಣ ಬಳಿಯಬೇಕಿಲ್ಲ.

ಕಾನುಮನೆ:
ಇವತ್ತು ಮತ್ತೆ ಹೋಗಿದ್ದೆ. ಮೂರು ವಿಷಯ.

ಯಜಮಾನರು ಕ್ರಯಪತ್ರ ತೋರಿಸಿದರು. ದಫ್ತರ ಸರ್ ಹೇಳಿದ ಹಾಗೇ, ಅದರಲ್ಲಿ 'ಶೀಟಿನ ಕಟ್ಟಡ' ಅಷ್ಟೇ. ಪಕ್ಕದ ಕಿರಾಣಿ ಅಂಗಡಿಯವರ ಹಳೇ ಪತ್ರ ಕೇಳಿದೆ. ಪಶ್ಚಿಮದ ಚೆಕ್‌ಬಂದಿ 'ಟಾಕೀಸಿಗೆ ಹೋಗುವ ಓಣಿ'. ಓದಿ ಮೈ ಜುಮ್ ಅಂದಿತು.

ಹೊರಗಿನಿಂದ ಒಂದು ಕಿರಿದಾದ ಕಲ್ಲಿನ ಮೆಟ್ಟಿಲಿದೆ, ಮೇಲೆ ಬೀಗ ಹಾಕಿದ ಸಣ್ಣ ಕೋಣೆ. ಹಾಲ್ ಒಳಗಿನಿಂದ ಅದಕ್ಕೆ ದಾರಿಯೇ ಇಲ್ಲ.

ಮೂರನೆಯದು ತಲೆ ಕೆಡಿಸಿದೆ. ಏಣಿ ಹಾಕಿ ಟಾರ್ಚ್ ಬಿಟ್ಟು ನೋಡಿದೆ. ಆ ಎರಡು ಕಿಂಡಿಯ ಎಡಕ್ಕೆ, ನಾಲ್ಕು ಅಡಿ ದೂರದಲ್ಲಿ, ಗಾರೆಯಲ್ಲಿ ಎರಡು ಚೌಕದ ಗೆರೆ. ಅದೇ ಅಳತೆ. ಇಟ್ಟಿಗೆ ಇಟ್ಟು ಮುಚ್ಚಿದ್ದಾರೆ.

ಹಳೇ ಆಪರೇಟರ್:
ಮೆಟ್ಟಿಲು ಹೊರಗಿರಲೇಬೇಕು. ಬೆಂಕಿ ಭಯ. ಮೊದಲಿನ ನೈಟ್ರೇಟ್ ಫಿಲಂ ಮದ್ದಿನ ಹಾಗೆ ಉರೀತಿತ್ತು, ಕ್ಯಾಬಿನ್ನಿನ ಬೆಂಕಿ ಜನರ ಮೇಲೆ ಬರಬಾರದು ಅಂತ ಹಾಗೆ ಕಟ್ಟೋರು. ಸೇಫ್ಟಿ ಫಿಲಂ ಬಂದ ಮೇಲೂ ಹಾಗೇ ಕಟ್ಟಿದ್ರು.

ಆದ್ರೆ ಮುಚ್ಚಿದ ಕಿಂಡಿ... ಹಾಗಾದ್ರೆ ಒಂದು ಕಾಲದಲ್ಲಿ ಎರಡು ಮಷೀನು ಇತ್ತು. ಅಥವಾ ಎರಡಕ್ಕೆ ಅಂತ ಕಟ್ಟಿ ಒಂದೇ ತಂದ್ರು. ನಿಮ್ಮ ಅತ್ತೆ ನೋಡಿದ್ದು ಒಂದೇ ಮಷೀನಿನ ಕಾಲ. ಎರಡನೇದು ಅವರ ಮದುವೆ ಆದ್ಮೇಲೆ ಬಂತೋ, ಅಥವಾ ಮೊದಲೇ ಇದ್ದು ಮಾರಿಬಿಟ್ರೋ? ಗಾರೆ ನೋಡಿ ಹೇಳಬಹುದು. ಸುಣ್ಣದ ಗಾರೆಯಾ ಸಿಮೆಂಟಾ?

ಕೋಣೆ ಬೀಗ ತೆಗೆಸಿ. ನೆಲ ನೋಡಿ, ಮಷೀನಿನ ಕಾಲು ಕೂರಿಸಿದ ಬೋಲ್ಟ್ ತೂತು ಇರುತ್ತೆ. ಒಂದು ಜೊತೆಯಾ ಎರಡು ಜೊತೆಯಾ ಎಣಿಸಿ. ಗೋಡೆ ಬಿಡಿ, ನೆಲ ನಂಬಿ. ಮೂಲೆಯಲ್ಲಿ ಬೆರಳುದ್ದದ ಕಪ್ಪು ಕಡ್ಡಿ ಸಿಕ್ರೆ ಇದ್ದಿಲು ಅಂತ ಗುಡಿಸಬೇಡಿ. ಮೇಲೆ ತಾಮ್ರದ ಲೇಪ ಇದ್ರೆ ಅದು ಕಾರ್ಬನ್.

ಕಾನುಮನೆ:
ಬೀಗದ ಕೈ ಕಳೆದಿದೆಯಂತೆ. ಮುರಿಯಲು ಯಜಮಾನರು ಒಪ್ಪಿದ್ದಾರೆ, ಆದರೆ ಮೆಟ್ಟಿಲಿನ ತುಂಬ ಅಡಿಕೆ ಚೀಲ. ರೇಟು ಏರಲಿ ಎಂದು ಕಾಯುತ್ತಿದ್ದಾರೆ, ಯುಗಾದಿ ಕಳೆಯದೆ ಕದಲಿಸುವುದಿಲ್ಲ. ಆಪರೇಟರ್ ಸರ್, ಆಗ ನೀವೇ ಬರಬೇಕು. ಬಸ್ ಸ್ಟ್ಯಾಂಡಿಗೆ ನಾನು ಬರುತ್ತೇನೆ, ಊಟ ನಮ್ಮನೆಯಲ್ಲಿ. ಅತ್ತೆಗೆ ಆಗಲೇ ಹೇಳಿಯಾಗಿದೆ.

ಹಳೇ ಆಪರೇಟರ್:
ಬರ್ತೀನಿ. ಮಂಡಿ ನೋವು, ಮೆಟ್ಟಿಲು ಎಷ್ಟಿದೆ?

ಕಾನುಮನೆ:
ಹದಿನಾಲ್ಕು.

ಹಳೇ ಆಪರೇಟರ್:
ಹತ್ತಬಹುದು.

ಕೊಪ್ಪದ ಕಂಡಕ್ಟರ್:
ನಾನೂ ಬರ್ತೀನಿ. ಡಬ್ಬ ಎತ್ತೋದಿಲ್ಲ ಈ ಸಲ, ಆಪರೇಟರನ್ನ ಎತ್ತಬೇಕಾಗಬಹುದು 😄